ಪಠ್ಯದ ತಾವರೆ, ಗುಡ್ಡದ ಹುತ್ತ

ಹುಬ್ಬಳ್ಳಿಯ ಕಡೆಯಿಂದ ದಾವಣಗೆರೆಯತ್ತ ಸಾಗುವ ರೈಲು ಬ್ಯಾಡಗಿಯನ್ನು ದಾಟಿ ರಾಣೇಬೆನ್ನೂರನ್ನು ಮುಟ್ಟುವುದಕ್ಕೆ ಮುಂಚೆ ದೇವರಗುಡ್ಡವೆಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಸುತ್ತಲೂ ಎರೆಯ ಹೊಲ, ಮಸಾರಿಯ ಹೊಲ. ಅವುಗಳಲ್ಲಿ ಋತುವಿಗೆ ತಕ್ಕಂತೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಬಿಳಿಜೋಳ. ಇವೆಲ್ಲದರ ಮೇಲೆ ಕಣ್ಣಿಟ್ಟು ಕುಳಿತಿರುವಂತೆ ಗುಡ್ಡದ ನೆತ್ತಿಯಲ್ಲಿ ಮಾಲತೇಶನ ಗುಡಿ. ನವರಾತ್ರಿಯ ಉತ್ಸವದಲ್ಲಿ ಇಲ್ಲಿ ಕಾರ್ಣಿಕ ನಡೆಯುತ್ತದೆ. ವ್ರತಸ್ಥನಾದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಜನಸಾಗರವನ್ನು ನಿಶ್ಶಬ್ದಗೊಳಿಸಿ, ಒಂದೇ ಒಂದು ವಾಕ್ಯವನ್ನು ನುಡಿಯುತ್ತಾನೆ. ಆ ಒಂದು ವಾಕ್ಯದಲ್ಲಿ ಮುಂಬರುವ ಮಳೆಯನ್ನು, ಬೆಳೆಯನ್ನು, ನಾಡಿನ ಸುಖದುಃಖಗಳನ್ನು ರೈತನು ಓದಿಕೊಳ್ಳುತ್ತಾನೆ. ಆ ನಂಬುಗೆಯ ವಿಮರ್ಶೆ ಈ ಲೇಖನದ ಉದ್ದೇಶವಲ್ಲ. ಆದರೆ ಆಕಾಶವೂ ಮಣ್ಣೂ ನಮಗೆ ಏನನ್ನೋ ಹೇಳುತ್ತಿವೆ, ಅದನ್ನು ಕಿವಿಗೊಟ್ಟು ಕೇಳಿ ವಿಚಾರಮಾಡಿ ಅರ್ಥೈಸುವುದು ಮನುಷ್ಯನ ಕರ್ತವ್ಯ ಎಂಬ ಭಾವನೆ ಈ ಸೀಮೆಯ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಅದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಈ ಗುಡ್ಡಕ್ಕೆ ಸಮೀಪದಲ್ಲಿಯೇ, ರಾಣೇಬೆನ್ನೂರಿನಲ್ಲಿ, ಶ್ರೀ ತರಳಬಾಳು ಜಗದ್ಗುರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಹಾವೇರಿಯ ಬಳಿ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಎರಡೂ 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ವಿದ್ಯಾಲಯಗಳು. ಆ ವಿಶ್ವವಿದ್ಯಾಲಯವು ಇತ್ತೀಚಿನ ವರ್ಷಗಳಲ್ಲಿ ಪದವಿಯ ನಾಲ್ಕನೆಯ ಸೆಮಿಸ್ಟರಿನಲ್ಲಿ ಇಂಜಿನಿಯರುಗಳಿಗಾಗಿ ಜೀವಶಾಸ್ತ್ರವೆಂಬ ಒಂದು ವಿಷಯವನ್ನು ಸೇರಿಸಿದೆ. ಯಂತ್ರ, ವಿದ್ಯುತ್ತು, ಕಟ್ಟಡಗಳನ್ನು ಕಲಿಯಲೆಂದು ಬಂದ ಹುಡುಗ ಹುಡುಗಿಯರು ಅಲ್ಲಿ ಒಂದು ಅಧ್ಯಾಯದಲ್ಲಿ ತಾವರೆಯೆಲೆಯ ಮೇಲೆ ನೀರು ನಿಲ್ಲದಿರುವುದೇಕೆ, ಬಟ್ಟೆಗೆ ಅಂಟುವ ಮುಳ್ಳುಕಾಯಿಯಿಂದ ವೆಲ್ಕ್ರೋ ಪಟ್ಟಿ ಹುಟ್ಟಿದ್ದು ಹೇಗೆ, ಶಾರ್ಕ್ ಮೀನಿನ ಚರ್ಮ ನೀರಿನ ಘರ್ಷಣೆಯನ್ನು ತಗ್ಗಿಸುವ ಬಗೆ ಯಾವುದು, ಮಿಂಚುಳ್ಳಿಯ ಕೊಕ್ಕು ಜಪಾನಿನ ರೈಲಿಗೆ ಮೂತಿಯಾದದ್ದು ಹೇಗೆ ಎಂಬುದನ್ನೆಲ್ಲ ಓದುತ್ತಾರೆ. ಜೀವಲೋಕವು ಕೋಟ್ಯಂತರ ವರ್ಷಗಳ ಪರೀಕ್ಷೆಯಿಂದ ಕಂಡುಕೊಂಡಿರುವ ಉಪಾಯಗಳನ್ನು ಅರಿತು, ಅವುಗಳ ಮಾದರಿಯಲ್ಲಿ ನಮ್ಮ ವಸ್ತುಗಳನ್ನೂ ವಾಸಸ್ಥಾನಗಳನ್ನೂ ರೂಪಿಸುವ ಈ ವಿದ್ಯೆಗೆ ಜೀವಾನುಕರಣವೆಂದು ಹೆಸರು. 1997ರಲ್ಲಿ ಅಮೆರಿಕದ ಲೇಖಕಿ ಜನೀನ್ ಬೆನ್ಯಸ್ ಅವರ ಗ್ರಂಥ ಪ್ರಕಟವಾದ ಮೇಲೆ ಅದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ವ್ಯಾಪಕವಾಗಿ ಚರ್ಚೆಗೆ ಬಂದಿತು.

ಇದು ಸಂತೋಷಪಡತಕ್ಕ ಸಂಗತಿ. ಆದರೆ ಈ ಸಂತೋಷದೊಡನೆ ಒಂದು ಕಳವಳವೂ ಕೂಡಿಕೊಂಡಿದೆ. ಪಠ್ಯದಲ್ಲಿರುವ ತಾವರೆ ಜರ್ಮನಿಯಿಂದ ಬಂದದ್ದು, ಮುಳ್ಳುಕಾಯಿ ಸ್ವಿಟ್ಜರ್ಲೆಂಡಿನದು, ಮಿಂಚುಳ್ಳಿ ಜಪಾನಿನದು. ಪರೀಕ್ಷೆಯಲ್ಲಿ ಇವನ್ನು ಬರೆದು ಅಂಕ ಗಳಿಸಿದ ವಿದ್ಯಾರ್ಥಿಯು, ತನ್ನೂರಿನ ಕೆರೆಯಂಗಳದಲ್ಲಿಯೇ ತಾವರೆಯೂ ಮಿಂಚುಳ್ಳಿಯೂ ಉಂಟೆಂಬುದನ್ನು, ತನ್ನ ಹೊಲದ ಬದುವಿನಲ್ಲಿಯೇ ಉತ್ತರಾಣಿಯ ಕಾಯಿ ಪಂಚೆಯಂಚಿಗೆ ಅಂಟಿಕೊಳ್ಳುತ್ತದೆಂಬುದನ್ನು ನೆನೆಯದೆಯೇ ಪದವೀಧರನಾಗುವ ಸಂಭವವುಂಟು. ಹಾಗಾಗಬಾರದು, ಪ್ರಕೃತಿಯಿಂದ ಕಲಿಯುವ ವಿದ್ಯೆ ತನ್ನ ಕಾಲ ಕೆಳಗಿನ ನೆಲದಿಂದಲೇ ಮೊದಲಾಗಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ನೋಡುವ ಅಭ್ಯಾಸ

ಪಠ್ಯದ ಆ ಪ್ರಸಿದ್ಧ ದೃಷ್ಟಾಂತಗಳನ್ನೇ ಸ್ವಲ್ಪ ಹತ್ತಿರದಿಂದ ಪರಿಶೀಲಿಸೋಣ. 1941ರಲ್ಲಿ ಸ್ವಿಸ್ ಇಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ ತಮ್ಮ ನಾಯಿಯೊಡನೆ ಬೆಟ್ಟದಲ್ಲಿ ಸುತ್ತಾಡಿ ಬಂದಾಗ ಉಡುಪಿಗೂ ನಾಯಿಯ ತುಪ್ಪಟಕ್ಕೂ ಮುಳ್ಳುಕಾಯಿಗಳು ಅಂಟಿದ್ದವು. ಅವನ್ನು ಕಿತ್ತೆಸೆದು ಸುಮ್ಮನಾಗದೆ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದ್ದರಿಂದ ಅವರಿಗೆ ಆ ಮುಳ್ಳುಗಳ ತುದಿಯ ಕೊಕ್ಕೆ ಕಾಣಿಸಿತು. ಅದನ್ನು ನೈಲಾನಿನಲ್ಲಿ ರೂಪಿಸಿ, 1955ರಲ್ಲಿ ಹಕ್ಕುಪತ್ರ ಪಡೆಯುವವರೆಗೆ ದೀರ್ಘಕಾಲ ದುಡಿದರು. ಜಪಾನಿನ ಐಜಿ ನಕಾತ್ಸು ರೈಲ್ವೆಯ ಇಂಜಿನಿಯರಾಗಿದ್ದಂತೆಯೇ ಪಕ್ಷಿವೀಕ್ಷಣೆಯ ವ್ಯಾಸಂಗಿಯೂ ಆಗಿದ್ದವರು. ಅತಿವೇಗದ ರೈಲು ಸುರಂಗದಿಂದ ಹೊರಬೀಳುವಾಗ ಒತ್ತಿಹೋದ ಗಾಳಿ ಸಿಡಿಲಿನಂತೆ ಸದ್ದುಮಾಡುತ್ತಿದ್ದ ಕಾಲದಲ್ಲಿ, ತೆಳುವಾದ ಗಾಳಿಯಿಂದ ದಟ್ಟವಾದ ನೀರಿಗೆ ಧುಮುಕಿದರೂ ಹೆಚ್ಚು ನೀರು ಚಿಮ್ಮಿಸದ ಮಿಂಚುಳ್ಳಿಯ ಕೊಕ್ಕು ಅವರ ನೆನಪಿಗೆ ಬಂದಿತು. ಅದರ ಮಾದರಿಯ ಮೂತಿಯನ್ನು ಹೊತ್ತ ರೈಲು 1997ರಲ್ಲಿ ಓಡತೊಡಗಿದಾಗ ಸದ್ದೂ ಅಡಗಿತು, ವಿದ್ಯುತ್ತಿನ ವೆಚ್ಚವೂ ತಗ್ಗಿತು. ಅದೇ 1997ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಟ್ಲಾಟ್ ಮತ್ತು ಅವರ ಸಹೋದ್ಯೋಗಿ, ತಾವರೆಯೆಲೆಯ ಮೇಲೆ ಬರಿಗಣ್ಣಿಗೆ ಕಾಣದ ಉಬ್ಬುಗಳೂ ಆ ಉಬ್ಬುಗಳ ಮೇಲೆ ಮೇಣದ ಹರಳುಗಳೂ ಇರುವುದರಿಂದ ನೀರಿನ ಹನಿ ಎಲೆಗೆ ತಗುಲಿಯೂ ತಗುಲದಂತೆ ಗುಂಡಗೆ ನಿಂತು, ಉರುಳುವಾಗ ಧೂಳನ್ನು ತನ್ನೊಡನೆ ಒಯ್ಯುತ್ತದೆಂದು ವಿವರಿಸಿದರು. ಸಂಸಾರದಲ್ಲಿದ್ದೂ ಅದಕ್ಕೆ ಅಂಟದಿರುವುದಕ್ಕೆ ನಮ್ಮ ಕವಿಗಳೂ ದಾಸರೂ ಉಪಮಾನವಾಗಿ ಬಳಸಿದ ಅದೇ ಎಲೆಯಿಂದ, ಮಳೆಗೆ ತಾನೇ ತೊಳೆದುಕೊಳ್ಳುವ ಗೋಡೆಯ ಬಣ್ಣ ಹುಟ್ಟಿತು.

ಈ ಮೂರು ಕಥೆಗಳಲ್ಲಿಯೂ ಆವಿಷ್ಕಾರಕ್ಕೆ ಮೊದಲು ನಡೆದದ್ದು ದೀರ್ಘವಾದ, ಆತುರವಿಲ್ಲದ ಅವಲೋಕನ. ಹಕ್ಕಿಗಳನ್ನು ವರ್ಷಗಟ್ಟಲೆ ಪ್ರೀತಿಯಿಂದ ನೋಡಿದ್ದವರಿಗೆ ಮಾತ್ರ, ಬೇಕಾದ ಗಳಿಗೆಯಲ್ಲಿ ಬೇಕಾದ ಹಕ್ಕಿ ನೆನಪಾಗಬಲ್ಲದು. ಆದುದರಿಂದ ಪದವಿಯ ವಿದ್ಯಾರ್ಥಿಗೆ ಈ ವಿಷಯವನ್ನು ಕಲಿಸುವವರು ಅವನಿಗೆ ಮೊದಲು ಕೊಡತಕ್ಕದ್ದು ನೋಡುವ ಅವಕಾಶವನ್ನು. ಅಂಥ ನೆನಪಿಗೆ ಊರುಗೋಲಾಗಬಲ್ಲ ಸಾಧನಗಳೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮರೇಶ್ ಚಕ್ರವರ್ತಿಯವರೂ ಅವರ ಸಂಗಡಿಗರೂ ಪ್ರಾಣಿ, ಸಸ್ಯ, ಯಂತ್ರಗಳ ಕಾರ್ಯವಿಧಾನಗಳನ್ನು ಸಂಗ್ರಹಿಸಿ, ವಿನ್ಯಾಸಕಾರನು ತನಗೆ ಬೇಕಾದ ಕ್ರಿಯೆಯನ್ನು ಹೇಳಿದರೆ ಅದಕ್ಕೆ ಹೊಂದುವ ಜೀವಿಗಳನ್ನು ಮುಂದಿಡುವ ಐಡಿಯಾ-ಇನ್‌ಸ್ಪೈರ್ ಎಂಬ ಗಣಕವಿಧಾನವನ್ನು ರಚಿಸಿದ್ದಾರೆ. ಅದರ ವಿವರ 2005ರಲ್ಲಿಯೇ ಪ್ರಕಟವಾಯಿತು. ಕನ್ನಡನಾಡಿನ ಪ್ರಯೋಗಶಾಲೆಗಳಲ್ಲಿ ಈ ವಿದ್ಯೆ ನೆಲೆಗೊಂಡು ಎರಡು ದಶಕಗಳಾದುವೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಚಾರ.

ಹುತ್ತದ ವಾಸ್ತುಶಿಲ್ಪ

ದೇವರಗುಡ್ಡದ ಸುತ್ತಣ ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ಹುತ್ತಗಳು ಅಪರೂಪವಲ್ಲ. ನಾಗರಪಂಚಮಿಯಂದು ನಾವು ಅವಕ್ಕೆ ಹಾಲೆರೆಯುತ್ತೇವೆ. ಒಲೆ ಹಾಕುವುದಕ್ಕೂ ನೆಲ ಮೆತ್ತುವುದಕ್ಕೂ ಹುತ್ತದ ಮಣ್ಣೇ ಶ್ರೇಷ್ಠವೆಂದು ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ವಿಜ್ಞಾನ ಸಂಸ್ಥೆಯ ಪರಿಸರವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಇಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ತಮ್ಮ ವಿದ್ಯಾರ್ಥಿಗಳೊಡನೆ ಪರೀಕ್ಷಿಸಿದರು. 2016 ಮತ್ತು 2017ರಲ್ಲಿ ಪ್ರಕಟವಾದ ಅವರ ಸಂಶೋಧನೆಗಳು ಓದತಕ್ಕವು. ಗೆದ್ದಲು ಮಣ್ಣನ್ನು ತನ್ನ ಬಾಯಿಯಲ್ಲಿ ಸಣ್ಣ ಉಂಡೆಗಳಾಗಿ ಮಾಡಿ, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ ಜೋಡಿಸುತ್ತದೆ. ಆ ಉಂಡೆಯ ತೇವವು ಮಣ್ಣನ್ನು ಬಿರುಕಿಲ್ಲದೆ ಮಿದಿಯಬಹುದಾದ ಹದಕ್ಕೆ ಹೆಚ್ಚುಕಡಮೆ ಸರಿಹೋಗುತ್ತದೆ. ಅದರ ಸ್ರಾವಗಳು ಬೆರೆತು ಗಟ್ಟಿಯಾದ ಹುತ್ತದ ಮಣ್ಣಿನ ಬಲ ಸುತ್ತಲಿನ ಅದೇ ಮಣ್ಣಿನ ಬಲಕ್ಕಿಂತ ಸುಮಾರು ಹತ್ತುಪಟ್ಟು. ಕುಂಬಾರನ ಅಂಗೈ ಬಲ್ಲ ಹದವನ್ನು ಕಣ್ಣೇ ಇಲ್ಲದ ಕೆಲಸಗಾರ ಹುಳು ಬಲ್ಲುದು.

ಇಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಯು ನಿಂತು ಯೋಚಿಸಬೇಕಾದದ್ದೊಂದಿದೆ. ನಾವು ಮಣ್ಣುಕಲ್ಲುಗಳಿಗೆ ಬಿಗುಪು ಕೊಡಲು ಬಳಸುವ ಸಿಮೆಂಟನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಸುಡಬೇಕು. ಮನುಷ್ಯನು ವಾಯುಮಂಡಲಕ್ಕೆ ಸೇರಿಸುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಗೆದ್ದಲಿಗೆ ಕುಲುಮೆಯಿಲ್ಲ. ಹಗಲಿನ ಸಹಜವಾದ ಉಷ್ಣದಲ್ಲಿ, ಕಾಲಬುಡದ ಮಣ್ಣಿನಿಂದ, ತನ್ನ ದೇಹದ ತೇವದಿಂದ ಅದು ದೀರ್ಘಕಾಲ ಮಳೆಗಾಳಿಗಳನ್ನು ತಾಳಿ ನಿಲ್ಲಬಲ್ಲ ಕಟ್ಟಡವನ್ನು ನಿರ್ಮಿಸುತ್ತದೆ.

ಹುತ್ತದ ಉಸಿರಾಟದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಒಳಗೆ ಗೆದ್ದಲುಗಳು ಅಣಬೆಯ ಜಾತಿಯ ಶಿಲೀಂಧ್ರವನ್ನು ಬೇಸಾಯಮಾಡುತ್ತವೆ. ಹುಳುಗಳೂ ಬೆಳೆಯೂ ಕೂಡಿ ಬಿಡುವ ಕೆಟ್ಟ ಗಾಳಿ ಹೊರಗೆ ಹೋಗಲೇಬೇಕು. ಒಳಗಿನ ಶಾಖದಿಂದಲೇ ಗಾಳಿ ಮೇಲೇರಿ ಸುತ್ತುತ್ತದೆಂದು 1961ರಲ್ಲಿ ಮಾರ್ಟಿನ್ ಲ್ಯೂಷರ್ ಎಂಬ ವಿಜ್ಞಾನಿ ಊಹಿಸಿದ್ದರು. ಜಿಂಬಾಬ್ವೆಯ ಹರಾರೆ ನಗರದಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಹುತ್ತದಿಂದ ಸ್ಫೂರ್ತಿ ಪಡೆದು ಕಟ್ಟಿದ ಈಸ್ಟ್‌ಗೇಟ್ ಎಂಬ ಬೃಹತ್ ಕಟ್ಟಡ 1996ರಲ್ಲಿ ತೆರೆಯಿತು. ಸಾಮಾನ್ಯ ಹವಾನಿಯಂತ್ರಣ ಯಂತ್ರಗಳಿಲ್ಲದೆ, ರಾತ್ರಿಯ ತಂಪನ್ನು ಗೋಡೆಗಳಲ್ಲಿ ಹಿಡಿದಿಟ್ಟು ಹಗಲಿಗೆ ಒದಗಿಸುವುದು ಅದರ ಕ್ರಮ. ಆದರೆ ಹುತ್ತದೊಳಗೆ ನಿಜವಾಗಿ ಏನು ನಡೆಯುತ್ತದೆಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದು 2015ರಲ್ಲಿ. ಅವರು ಅಳೆದದ್ದು ನಮ್ಮ ಬೆಂಗಳೂರಿನ ಹುತ್ತಗಳನ್ನು. ಹಗಲಿನಲ್ಲಿ ಹುತ್ತದ ಹೊರಮೈಯ ತೆಳುವಾದ ಏಣುಗಳು ಬೇಗನೆ ಕಾಯುತ್ತವೆ, ಅವುಗಳೊಳಗಿನ ಗಾಳಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ತಣ್ಣಗಾದಾಗ ಹರಿವು ತಿರುಗುಮುರುಗಾಗುತ್ತದೆ. ಹಗಲು ಕೂಡಿಕೊಂಡ ಕೆಟ್ಟ ಗಾಳಿಯನ್ನು ಇರುಳು ಹೊರಹಾಕುತ್ತದೆ. ಹೀಗೆ ಹಗಲಿರುಳುಗಳ ಅಂತರವೇ ಹುತ್ತದ ಪಂಖ.

ಹಗಲು ಬೇಗೆ, ಇರುಳು ತಂಪು ಇರುವ ಬಯಲುಸೀಮೆಯವರಿಗೆ ಈ ವಿಚಾರ ದೂರದ ಕಥೆಯಲ್ಲ. ದಪ್ಪ ಮಣ್ಣಿನ ಗೋಡೆಯ ನಮ್ಮ ಮಾಳಿಗೆಯ ಮನೆಗಳು, ಅವುಗಳ ಮಾಳಿಗೆಯ ಬೆಳಕಿಂಡಿಗಳು ಇದೇ ಅಂತರವನ್ನು ದುಡಿಸಿಕೊಳ್ಳುತ್ತಿದ್ದವು. ಈಗ ಅವುಗಳ ಜಾಗದಲ್ಲಿ ಏಳುತ್ತಿರುವ ತೆಳುಗೋಡೆಯ ಮನೆಗಳು ಬೇಸಗೆಯಲ್ಲಿ ಇರುಳೆಲ್ಲ ಶಾಖವನ್ನು ಕಾರುತ್ತವೆ. ಕಟ್ಟಡಶಾಸ್ತ್ರವನ್ನು ಕಲಿಯುವ ರಾಣೇಬೆನ್ನೂರಿನ ವಿದ್ಯಾರ್ಥಿಯೊಬ್ಬಳು ಒಂದು ಹುತ್ತಕ್ಕೆ, ಒಂದು ಹಳೆಯ ಮಾಳಿಗೆಯ ಮನೆಗೆ, ಒಂದು ಹೊಸ ತಾರಸಿಯ ಮನೆಗೆ ಉಷ್ಣಮಾಪಕಗಳನ್ನಿಟ್ಟು, ಬೇಸಗೆಯುದ್ದಕ್ಕೂ ಬರೆದಿಟ್ಟರೆ, ಅವಳಿಗೆ ದೊರೆಯುವ ಜ್ಞಾನ ಯಾವ ಪಠ್ಯದ ಚಿತ್ರಕ್ಕೂ ಸಾಟಿಯಲ್ಲ.

ಹಗೇವು ಮತ್ತು ಕಂಬಳಿ

ಪ್ರಕೃತಿಯಿಂದ ಕಲಿತ ವಿನ್ಯಾಸವೆಂದರೆ ಕೇವಲ ಪ್ರಯೋಗಶಾಲೆಯ ಸಂತಾನವೆಂದು ತಿಳಿಯುವುದು ತಪ್ಪು. ಈ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಗಟ್ಟಿನೆಲದಲ್ಲಿ ಅಗೆದ, ಬಾಯಿ ಕಿರಿದಾಗಿ ಒಡಲು ಹಿರಿದಾದ ಆ ನೆಲಗುಳಿಯ ಒಳಮೈಗೆ ಹುಲ್ಲನ್ನು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಹಾಸಿ, ಮಣ್ಣಿನಿಂದ ಮೆತ್ತಿಬಿಡುವುದು ರೂಢಿ. ಮುಚ್ಚಿದ ಮೇಲೆ ಕಾಳೂ ಒಳಗಿನ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತವೆ. ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಹುಳುಗಳು ಉಳಿಯಲಾರವು, ಕಾಳು ಉಳಿಯುತ್ತದೆ. ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯಬಾರದು, ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು ಎಂಬ ಹಿರಿಯರ ಎಚ್ಚರಿಕೆಯಲ್ಲಿ ಈ ರಸಾಯನಶಾಸ್ತ್ರವೆಲ್ಲ ಅಡಗಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಕ್ಯಾಮರೂನಿನ ರೈತರಿಗಾಗಿ ರೂಪಿಸಿದ ಮೂರು ಪದರಗಳ ಗಾಳಿಯಾಡದ ಚೀಲ ಇದೇ ತತ್ತ್ವವನ್ನು ಆಶ್ರಯಿಸಿದೆ. ವಿಷದ ಪುಡಿಯಿಲ್ಲದೆ ಧಾನ್ಯವನ್ನು ಕಾಯುವ ಈ ಉಪಾಯ ಒಂದೆಡೆ ಪ್ಲಾಸ್ಟಿಕ್ಕಿನಲ್ಲಿ, ಇನ್ನೊಂದೆಡೆ ಬರಿಯ ನೆಲದಲ್ಲಿ ಸಾಧ್ಯವಾಯಿತು. ನೆಲದ ತೇವವನ್ನು ತಡೆಯುವ ಹೊಸ ಬಗೆಯನ್ನು ಕಂಡುಹಿಡಿದು ಹಗೇವಿಗೆ ಮರುಜೀವ ಕೊಡುವ ಕೆಲಸ ಹನುಮನಮಟ್ಟಿಯ ಕೃಷಿ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಪ್ಪುವಂಥದು.

ಕಾರ್ಣಿಕದಂದು ಗುಡ್ಡಕ್ಕೆ ಬರುವ ಗೊರವರ ಉಡುಪನ್ನು ನೋಡಿ. ಕರಿಯ ಕಂಬಳಿಯ ನಿಲುವಂಗಿ, ಕೈಯಲ್ಲಿ ಡಮರುಗ, ಹಣೆಗೆ ಭಂಡಾರ. ಆ ಕಂಬಳಿ ದಕ್ಖನಿ ಕುರಿಯ ಒರಟು ಉಣ್ಣೆಯದು; ಅದರ ನೂಲಿಗೆ ಕೊಡುವ ಗಂಜಿ ಹುಣಸೆಬೀಜದ್ದು. ಉಣ್ಣೆಯ ಎಳೆಯ ಹೊರಮೈ ನೀರನ್ನು ದೂಡುತ್ತದೆ. ಒಳಭಾಗವಾದರೋ ತನ್ನ ತೂಕದ ಶೇಕಡಾ 30ರಷ್ಟು ನೀರಾವಿಯನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಟ್ಟುಕೊಡುತ್ತದೆ. ಎಳೆಯ ಸುರುಳಿಗಳ ನಡುವೆ ಸಿಕ್ಕ ಗಾಳಿ ಬಿಸಿಲಿನಲ್ಲಿಯೂ ಚಳಿಯಲ್ಲಿಯೂ ರಕ್ಷೆ. ಆದುದರಿಂದಲೇ ಮಳೆಯಲ್ಲಿ ಕೊಪ್ಪೆಯಾಗಿ, ರಾತ್ರಿ ಹೊದಿಕೆಯಾಗಿ, ಹಗಲು ಹಾಸಾಗಿ ಒಂದೇ ಕಂಬಳಿ ಕುರಿಗಾರನೊಡನೆ ಊರೂರು ಅಲೆಯುತ್ತದೆ. ಸವೆದು ಹೋದ ಮೇಲೆ ಮಣ್ಣಿಗೆ ಬಿದ್ದು ಗೊಬ್ಬರವಾಗುತ್ತದೆ. ಇಂದು ಈ ಒರಟು ಉಣ್ಣೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲದಂತಾಗಿರುವುದು ವ್ಯಸನದ ಸಂಗತಿ. ಛಾವಣಿಯ ಕೆಳಗೆ ಶಾಖ ತಡೆಯುವ ಹಾಸಾಗಿ, ಸಭಾಂಗಣಗಳಲ್ಲಿ ಪ್ರತಿಧ್ವನಿಯನ್ನು ನುಂಗುವ ಫಲಕವಾಗಿ ಅದನ್ನು ರೂಪಿಸಬಲ್ಲವರು ನಮ್ಮ ಪದವಿಯ ವಿದ್ಯಾರ್ಥಿಗಳಲ್ಲದೆ ಇನ್ನಾರು?

ಈಗ ವೆಲ್ಕ್ರೋವಿನ ಕಡೆಗೆ ಮತ್ತೊಮ್ಮೆ ತಿರುಗಿದರೆ ಒಂದು ಭೇದ ಸ್ಪಷ್ಟವಾಗುತ್ತದೆ. ಅದು ಮುಳ್ಳುಕಾಯಿಯ ಕೊಕ್ಕೆಯನ್ನು ಎರವಲು ತಂದಿತು, ಮುಳ್ಳುಕಾಯಿಯ ಬಾಳನ್ನು ತರಲಿಲ್ಲ. ಉತ್ತರಾಣಿಯ ಕಾಯಿ ಬಿಸಿಲು ನೀರುಗಳಿಂದ ಹುಟ್ಟಿ, ತನ್ನ ಕಾರ್ಯ ಮುಗಿದೊಡನೆ ಮಣ್ಣಾಗುತ್ತದೆ. ನೈಲಾನು ಎಣ್ಣೆಯ ಬಾವಿಯಿಂದ ಹುಟ್ಟಿ, ಕಸದ ಗುಂಡಿಯಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ. ರೂಪದ ಅನುಕರಣ ಮೊದಲ ಮೆಟ್ಟಿಲು. ತಯಾರಿಕೆಯ ಕ್ರಮದ ಅನುಕರಣ ಎರಡನೆಯದು. ಒಬ್ಬರ ತ್ಯಾಜ್ಯ ಇನ್ನೊಬ್ಬರ ಆಹಾರವಾಗುವ ಸಮಗ್ರ ವ್ಯವಸ್ಥೆಯ ಅನುಕರಣ ಮೂರನೆಯದು. ಮೊದಲ ಮೆಟ್ಟಿಲಲ್ಲಿಯೇ ನಿಂತ ವಿನ್ಯಾಸವನ್ನು ಪ್ರಕೃತಿಪ್ರೇರಿತವೆನ್ನಬಹುದು, ಸುಸ್ಥಿರವೆನ್ನಲಾಗದು.

ಹುಲ್ಲುಗಾವಲಿನ ಎಚ್ಚರಿಕೆ

ಈ ಮೂರನೆಯ ಮೆಟ್ಟಿಲನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯೂ ಇಲ್ಲಿಯೇ ಇದೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಿತವಾದದ್ದು; ವಿಸ್ತಾರ 119 ಚದರ ಕಿಲೋಮೀಟರು. ಕೃಷ್ಣಮೃಗವೂ ತೋಳವೂ ಒಂದು ಕಾಲಕ್ಕೆ ಎರೆಭೂತವೆಂಬ ಹಿರಿಯ ಹಕ್ಕಿಯೂ ಬಾಳಿದ್ದು ಈ ಬಯಲಿನಲ್ಲಿ. ಹುಲ್ಲು ಬೆಳೆದ ಬಯಲು ಬರಿಯ ಪಾಳುಭೂಮಿ, ಅಲ್ಲಿ ಮರ ನೆಟ್ಟರೆ ಲಾಭವೆಂಬ ಸದುದ್ದೇಶದಿಂದ ನೀಲಗಿರಿಯ ನೆಡುತೋಪುಗಳನ್ನು ಬೆಳೆಸಲಾಯಿತು. ಬಯಲನ್ನೇ ನೆಚ್ಚಿದ್ದ ಹಕ್ಕಿಗೆ ಬಯಲು ಇಲ್ಲವಾಯಿತು. ಎರೆಭೂತ ಇಲ್ಲಿಂದ ಮರೆಯಾಯಿತು. ನೆಟ್ಟವರ ಉದ್ದೇಶವನ್ನು ಹಳಿಯಬೇಕಾಗಿಲ್ಲ. ನೋಡುವುದಕ್ಕೆ ಮೊದಲೇ ವಿನ್ಯಾಸಮಾಡಿದರೆ, ಹಸಿರಿನ ಹೆಸರಿನಲ್ಲಿಯೂ ಹಾನಿಯಾಗಬಲ್ಲದೆಂಬುದನ್ನು ಮಾತ್ರ ಮನಗಾಣಬೇಕು.

ಹುಲ್ಲುಗಾವಲು ನಿಜವಾಗಿ ಒಂದು ವಿಶ್ವವಿದ್ಯಾಲಯ. ಅಲ್ಲಿ ಬಹುವರ್ಷದ ಹುಲ್ಲುಗಳು ಆಳವಾದ ಬೇರುಗಳಿಂದ ಮಣ್ಣನ್ನು ಹಿಡಿದಿರುತ್ತವೆ. ದ್ವಿದಳ ಜಾತಿಗಳು ಸಾರಜನಕವನ್ನು ಒದಗಿಸುತ್ತವೆ. ಒಂದು ಜಾತಿ ಸೋತ ವರ್ಷ ಇನ್ನೊಂದು ಗೆಲ್ಲುತ್ತದೆ. ಅಮೆರಿಕದ ಕ್ಯಾನ್ಸಸ್ ಪ್ರಾಂತದಲ್ಲಿ ವೆಸ್ ಜ್ಯಾಕ್ಸನ್ 1976ರಲ್ಲಿ ಆರಂಭಿಸಿದ ಸಂಸ್ಥೆ ಅಂಥ ಬಯಲನ್ನೇ ಗುರುವಾಗಿ ಭಾವಿಸಿ ಬಹುವರ್ಷದ ಧಾನ್ಯಗಳನ್ನು ಬೆಳೆಸುವ ಸಾಧನೆಯಲ್ಲಿದೆ. ನಮ್ಮ ರೈತನೂ ಈ ಪಾಠಕ್ಕೆ ಹೊಸಬನಲ್ಲ. ಜೋಳದ ನಡುವೆ ಅಕ್ಕಡಿಯಾಗಿ ತೊಗರಿ, ಅವರೆ. ಬ್ಯಾಡಗಿಯ ಮೆಣಸಿನಕಾಯಿಯೊಡನೆ ಹತ್ತಿ, ಉಳ್ಳಾಗಡ್ಡಿ: ಒಂದೇ ಹೊಲದಲ್ಲಿ ಬೇರೆಬೇರೆ ಎತ್ತರ, ಬೇರೆಬೇರೆ ಆಳ, ಬೇರೆಬೇರೆ ಕಾಲದ ಬೆಳೆಗಳನ್ನು ಹೊಂದಿಸಿದ ಈ ಮಿಶ್ರಕೃಷಿಯಲ್ಲಿ ಬಯಲಿನ ನ್ಯಾಯವೇ ಇದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ, ಖಾರ ಕಡಮೆಯಾಗಿ ಬಣ್ಣ ಹೆಚ್ಚಾಗಿ, ಇಂದು ಆಹಾರಕ್ಕೂ ತುಟಿರಂಗಿಗೂ ಕೃತಕ ವರ್ಣಗಳ ಬದಲಿಗೆ ಸಹಜವಾದ ಕೆಂಪನ್ನು ಒದಗಿಸುತ್ತಿರುವುದು ಆ ಹೊಲಗಳ ಕೊಡುಗೆ.

ಆಗಬೇಕಾದ ಕೆಲಸ

ಹಾಗಾದರೆ ಪದವಿಯ ತರಗತಿಯಲ್ಲಿ ಏನು ಬದಲಾಗಬೇಕು? ಪಠ್ಯದ ಅಧ್ಯಾಯ ಇದ್ದಂತೆಯೇ ಇರಲಿ. ಮೆಸ್ತ್ರಾಲ್, ನಕಾತ್ಸು, ಬಾರ್ಟ್ಲಾಟ್ ಅವರಿಂದ ನಮ್ಮ ಮಕ್ಕಳು ಕಲಿಯಬೇಕಾದದ್ದು ಬಹಳವಿದೆ. ಅದರೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸೆಮಿಸ್ಟರಿನ ಕಾಲ ತನ್ನ ಸೀಮೆಯ ಒಂದೇ ಒಂದು ಜೀವಿಯನ್ನೋ, ಹಳೆಯ ನಿರ್ಮಾಣವನ್ನೋ ಆರಿಸಿಕೊಂಡು, ಅದು ಯಾವ ಕೆಲಸವನ್ನು ಮಾಡುತ್ತಿದೆ, ಯಾವ ವಸ್ತುವಿನಿಂದ ಮಾಡುತ್ತಿದೆ, ಎಷ್ಟು ಶಕ್ತಿಯನ್ನು ವ್ಯಯಿಸುತ್ತಿದೆ, ಕೊನೆಗೆ ಎಲ್ಲಿಗೆ ಸೇರುತ್ತಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅಳೆದು ಉತ್ತರ ಬರೆಯಲಿ. ಇದಕ್ಕೆ ಬೇಕಾದ ಉಪಕರಣಗಳು ದುಬಾರಿಯಲ್ಲ. ಉಷ್ಣಮಾಪಕ, ತಕ್ಕಡಿ, ಭೂತಗಾಜು, ಒಂದು ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ಬೇಕಾದದ್ದು ಸಮಯ, ಹಾಗೂ ಅಂಕಪಟ್ಟಿಯಲ್ಲಿ ಆ ಸಮಯಕ್ಕೆ ದೊರೆಯುವ ಗೌರವ.

ಹಾವೇರಿ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಅಪೂರ್ವವಾದ ಅನುಕೂಲವೊಂದು ಕೂಡಿಬಂದಿದೆ. ಯಂತ್ರವಿದ್ಯೆಯನ್ನು ರಾಣೇಬೆನ್ನೂರು ದೇವಗಿರಿಗಳಲ್ಲಿ ಕಲಿಸುತ್ತಾರೆ. ಬೆಳೆಯ ವಿದ್ಯೆಯನ್ನು ಹನುಮನಮಟ್ಟಿಯಲ್ಲಿ ಕಲಿಸುತ್ತಾರೆ. ಜನರ ಬಾಯಲ್ಲಿ ಉಳಿದಿರುವ ತಿಳಿವಳಿಕೆಯನ್ನು ಸಂಗ್ರಹಿಸುವ ಜಾನಪದ ವಿಶ್ವವಿದ್ಯಾಲಯ ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿದೆ. ಹಗೇವು ತೋಡುವ ಕ್ರಮವನ್ನು ಬಲ್ಲ ಮುದುಕರು ವಿರಳರಾಗುತ್ತಿದ್ದಾರೆ. ಕಂಬಳಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಜಾನಪದದ ವಿದ್ಯಾರ್ಥಿ ಅವರ ಮಾತನ್ನು ಬರೆದುಕೊಂಡರೆ, ಕೃಷಿಯ ವಿದ್ಯಾರ್ಥಿ ಅದರ ಜೀವಶಾಸ್ತ್ರವನ್ನು ಶೋಧಿಸಿದರೆ, ಇಂಜಿನಿಯರಿಂಗಿನ ವಿದ್ಯಾರ್ಥಿ ಅದನ್ನು ಅಳತೆಗೂ ಆಕಾರಕ್ಕೂ ತಂದರೆ, ಒಬ್ಬೊಬ್ಬರಿಗೇ ಅಸಾಧ್ಯವಾದದ್ದು ಮೂವರಿಗೆ ಸಾಧ್ಯವಾದೀತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು ಅಸ್ತ್ರವೆಂಬ ಗ್ರಾಮತಂತ್ರಜ್ಞಾನದ ಘಟಕವನ್ನು ಕಟ್ಟಿದಾಗ, ತುಮಕೂರು ಸೀಮೆಯ ಉಂಗ್ರ ಗ್ರಾಮದಲ್ಲಿ ನೆಲೆಯೂರಿ ಕೆಲಸಮಾಡಿದ ವಿಜ್ಞಾನಿಗಳು, ಪ್ರಯೋಗಶಾಲೆ ಹಳ್ಳಿಗೆ ಹೋದರೆ ಸುಧಾರಿತ ಒಲೆಗಳೂ ಮಣ್ಣಿನ ಒತ್ತಿಟ್ಟಿಗೆಗಳೂ ಹುಟ್ಟಬಲ್ಲವೆಂಬುದನ್ನು ತೋರಿಸಿಕೊಟ್ಟರು. ಅವರು ಮಹಾನಗರದಿಂದ ಹಳ್ಳಿಗೆ ಪ್ರಯಾಣಮಾಡಬೇಕಾಗಿತ್ತು. ದೇವರಗುಡ್ಡದ ಆಸುಪಾಸಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಳ್ಳಿಯಿಂದಲೇ ಕಾಲೇಜಿಗೆ ಬರುತ್ತಾರೆ; ಅವರ ಮನೆಯ ಹಿತ್ತಿಲೇ ಅವರಿಗೆ ಕ್ಷೇತ್ರ, ಅವರ ಅಜ್ಜ ಅಜ್ಜಿಯರೇ ಪ್ರಾಚಾರ್ಯರು.

ಸುಸ್ಥಿರತೆಯ ಮಾತು ಇಂದು ಎಲ್ಲರ ಬಾಯಲ್ಲಿಯೂ ಇದೆ. ಅದಕ್ಕೆ ಅರ್ಥ ಬರುವುದು, ನಮ್ಮ ಮಕ್ಕಳು ತಮ್ಮ ಮಳೆಯ ಪ್ರಮಾಣ, ತಮ್ಮ ಮಣ್ಣಿನ ಗುಣ, ತಮ್ಮ ಬಿಸಿಲಿನ ಬಲಗಳಿಗೆ ಒಪ್ಪುವ ಮನೆಯನ್ನು, ಕಣಜವನ್ನು, ಬಟ್ಟೆಯನ್ನು ತಾವೇ ಕಲ್ಪಿಸಿ ತಾವೇ ಕಟ್ಟಿದಾಗ. ಆ ಶಕ್ತಿ ಅವರಲ್ಲಿದೆ. ಅದನ್ನು ಹೊರತೆಗೆಯುವ ಹೊಣೆ ಅಧ್ಯಾಪಕರದು, ವಿಶ್ವವಿದ್ಯಾಲಯದ್ದು, ಮಗನೋ ಮಗಳೋ ಹುತ್ತದ ಮುಂದೆ ಗಂಟೆಗಟ್ಟಲೆ ಕುಳಿತದ್ದನ್ನು ಕಂಡು ಇದೂ ಓದೇ ಎಂದು ಒಪ್ಪಿಕೊಳ್ಳಬೇಕಾದ ತಂದೆತಾಯಿಗಳದು.